ಶಾಲೆ ಆಫೀಸಿನಲ್ಲಿ ಕೆಲಸ ಆಗಬೇಕಾ? ಫೋನು, ಆ್ಯಪು, ಅರ್ಜಿ ಎಲ್ಲ ಮಾಡಿ ನೋಡಿದೆ

ನಾನು ಬ್ಯಾಂಕ್ ಕೌಂಟರ್‌ನಲ್ಲಿ ಕೂರುವವಳು. "ಸರ್ವರ್ ಇಲ್ಲ, ಆಮೇಲೆ ಬನ್ನಿ" ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ಗಾಜಿನ ಆಚೆ ನಿಂತವರ ಮುಖ ಹೇಗೆ ಕೆಂಪಾಗುತ್ತದೆ ಅಂತ ಚೆನ್ನಾಗಿ ಗೊತ್ತು. ಆದರೂ ಮಗಳ ಶಾಲೆಯ ರಿಸೆಪ್ಷನ್ ಮುಂದೆ ನಿಂತಾಗ ನನ್ನ ಮುಖವೂ ಥೇಟ್ ಹಾಗೇ ಆಗುತ್ತಿತ್ತು.

2024ರ ಜೂನ್‌ನಿಂದ 2025ರ ಜೂನ್‌ವರೆಗಿನ ಒಂದು ವರ್ಷದ ಕಥೆ ಇದು. ಮಗಳು ಆಗ ಆರನೇ ಕ್ಲಾಸು. ಬೆಂಗಳೂರಿನ ದಕ್ಷಿಣದ ಕಡೆಯ ಒಂದು ಖಾಸಗಿ ಶಾಲೆ. ಹೆಸರು ಬೇಡ ಬಿಡಿ. ಆ ವರ್ಷ ಶಾಲೆಯಿಂದ ನನಗೆ ನಾಲ್ಕು ಕೆಲಸ ಆಗಬೇಕಿತ್ತು.

ಮೊದಲನೆಯದು ಬಸ್ ಸ್ಟಾಪ್ ಬದಲಾವಣೆ. ನಾವು ಪಕ್ಕದ ಬಡಾವಣೆಗೆ ಮನೆ ಬದಲಿಸಿದ್ದೆವು. ಎರಡನೆಯದು ಅಪಾರ್ ಐಡಿ, ಅಂದರೆ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಗುರುತಿನ ಸಂಖ್ಯೆ. ಮಗಳ ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ ಇತ್ತು, ಶಾಲೆಯ ದಾಖಲೆಯಲ್ಲಿ ಮುಂದೆ. ಎರಡೂ ತಾಳೆಯಾಗದೆ ಐಡಿ ಹುಟ್ಟುತ್ತಲೇ ಇರಲಿಲ್ಲ. ಮೂರನೆಯದು ಫೀಸ್ ರಸೀದಿ. ಆಗಿನ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿಯಲ್ಲಿ ಇಬ್ಬರು ಮಕ್ಕಳವರೆಗಿನ ಬೋಧನಾ ಶುಲ್ಕವನ್ನು ವಿನಾಯಿತಿಗೆ ತೋರಿಸಬಹುದಿತ್ತು, ಎಲ್ಲ ಸೇರಿ 1.5 ಲಕ್ಷದ ಮಿತಿಯೊಳಗೆ. ಬಸ್ಸಿನ ದುಡ್ಡು, ಡೊನೇಷನ್ ಲೆಕ್ಕಕ್ಕೆ ಬರುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇದಿಲ್ಲ, ನಾನಿನ್ನೂ ಹಳೆಯದರಲ್ಲೇ ಇದ್ದೆ. ಶಾಲೆ ಕೊಡುವ ರಸೀದಿಯಲ್ಲಿ ಮಾತ್ರ ಎಲ್ಲ ಸೇರಿಸಿ ಒಂದೇ ಮೊತ್ತ. ನನಗೆ ಬಿಡಿಬಿಡಿಯಾಗಿ ಬೇಕಿತ್ತು. ಕೊನೆಯದು, ಮೇ ತಿಂಗಳಲ್ಲಿ ನನಗೆ ಮೈಸೂರಿಗೆ ವರ್ಗವಾದಾಗ ಬೇಕಾದ ಟಿಸಿ.

ಈ ನಾಲ್ಕಕ್ಕೂ ಫೋನ್, ಆ್ಯಪ್, ಮೇಲ್, ವಾಟ್ಸ್ಆ್ಯಪ್ ಗ್ರೂಪ್, ಖುದ್ದು ಭೇಟಿ, ಬರೆದ ಅರ್ಜಿ ಎಲ್ಲವನ್ನೂ ಪ್ರಯೋಗ ಮಾಡಿದ್ದೇನೆ. ಬೇಕಂತ ಮಾಡಿದ ಪ್ರಯೋಗ ಅಲ್ಲ. ಒಂದರಲ್ಲಿ ಆಗದೇ ಇನ್ನೊಂದಕ್ಕೆ ಹೋದೆ, ಅಷ್ಟೇ.

ಫೋನ್

ಶಾಲೆ ಡೈರಿಯ ಕೊನೇ ಪುಟದಲ್ಲಿ ಎರಡು ಲ್ಯಾಂಡ್‌ಲೈನ್ ನಂಬರ್ ಇದ್ದವು. ಒಂದು ಯಾವಾಗಲೂ ಎಂಗೇಜ್. ಇನ್ನೊಂದು ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಸ್ತಾಗಿ ನಿಲ್ಲುತ್ತಿತ್ತು. ಎರಡು ವಾರ ಒಂದು ಹಳೇ ಚಲನ್ ಹಿಂದೆ ಸಮಯ ಬರೆದಿಟ್ಟೆ. ಬೆಳಿಗ್ಗೆ 8ರಿಂದ 9 ಬಸ್ಸಿನ ಗಲಾಟೆ, ಎತ್ತುವುದಿಲ್ಲ. 9ರಿಂದ 10.30 ಯಾರ ಮಗುವಿಗೆ ಜ್ವರ, ಯಾರು ಲೇಟು ಅನ್ನುವ ಫೋನ್‌ಗಳು, ಲೈನ್ ಸಿಗುವುದಿಲ್ಲ. 1ರಿಂದ 2 ಊಟ. 3ರ ಮೇಲೆ ಶಾಲೆ ಬಿಡುವ ಹೊತ್ತು, ಕೇಳಲೇಬೇಡಿ. ಫೋನ್ ಎತ್ತುತ್ತಿದ್ದದ್ದು ಹೆಚ್ಚಾಗಿ 11ರಿಂದ 12. ಅದೇ ಹೊತ್ತಿಗೆ ನನ್ನ ಕೌಂಟರ್ ಮುಂದೆಯೂ ಹದಿನೈದು ಜನ ನಿಂತಿರುತ್ತಾರೆ.

ಒಂದು ದಿನ ತಲೆ ಕೆಟ್ಟು ಒಂದು ಕಿತಾಪತಿ ಮಾಡಿದೆ. ಶಾಲೆಯ ಕಾಂಪೌಂಡಿಗೆ ಅಡ್ಮಿಷನ್ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಒಂದು ಮೊಬೈಲ್ ನಂಬರ್ ಇತ್ತು. ಅದಕ್ಕೆ ಫೋನ್ ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದರು. "ಗುಡ್ ಮಾರ್ನಿಂಗ್ ಮೇಡಂ, ಹೇಳಿ ಮೇಡಂ, ಮಗೂಗೆ ಎಷ್ಟು ವರ್ಷ?" ಜೇನು ಸುರಿದ ಹಾಗೆ ಮಾತು. ದನಿ ಯಾರದು ಅಂದುಕೊಂಡಿರಿ? ಅದೇ ರಿಸೆಪ್ಷನ್ ಮೇಡಂದು!

"ಮಗು ಈಗಾಗ್ಲೇ ನಿಮ್ಮಲ್ಲೇ ಓದ್ತಿದೆ ಮೇಡಂ. ಸಿಕ್ಸ್ತ್ ಬಿ. ಬಸ್ ಸ್ಟಾಪ್ ವಿಷಯ" ಅಂದೆ.

ಅರೆಗಳಿಗೆ ಮೌನ. ಜೇನು ಅಲ್ಲಿಗೇ ಬತ್ತಿತು. "ಇದು ಅಡ್ಮಿಷನ್ ನಂಬರ್ ಮೇಡಂ. ಆಫೀಸ್ ನಂಬರಿಗೆ ಮಾಡಿ."

ಆ ಆಫೀಸ್ ನಂಬರಿನ ಫೋನೂ ಈ ಮೊಬೈಲೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇರುವುದನ್ನು ಆಮೇಲೆ ಕಣ್ಣಾರೆ ನೋಡಿದೆ. ಅಡ್ಮಿಷನ್ ಫೋನ್ ಒಂದು ರಿಂಗ್ ತಪ್ಪಿದರೂ ಮೇಲಿನವರು ಕೇಳುತ್ತಾರಂತೆ. ನಮ್ಮ ಫೋನ್ ತಪ್ಪಿದರೆ ಯಾರು ಕೇಳುತ್ತಾರೆ? ನಾವು ಆಗಲೇ ದುಡ್ಡು ಕಟ್ಟಿ ಆಗಿದೆಯಲ್ಲ.

ಹಾಗಂತ ಫೋನ್ ಪೂರ್ತಿ ದಂಡ ಅಂತ ಹೇಳಲಾರೆ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಮಗಳು ಶಾಲೆಯಲ್ಲಿ ವಾಂತಿ ಮಾಡಿಕೊಂಡಳು. ಆ ದಿನ ಅವರೇ ನನಗೆ ಮೂರು ಸಲ ಫೋನ್ ಮಾಡಿದ್ದರು. ನಾನು ಎತ್ತಿರಲಿಲ್ಲ, ಕೌಂಟರ್‌ನಲ್ಲಿ ಮೊಬೈಲ್ ಸೈಲೆಂಟ್. ನಾನು ವಾಪಸ್ ಮಾಡಿದಾಗ ಒಂದೇ ರಿಂಗಿಗೆ ಎತ್ತಿದರು. "ಮಲಗ್ಸಿದೀನಿ ಮೇಡಂ, ಓಆರ್‌ಎಸ್ ಕುಡ್ಸಿದೀನಿ, ನಿಧಾನಕ್ಕೆ ಬನ್ನಿ" ಅಂದರು. ಹೋದರೆ ಗೇಟ್‌ಪಾಸ್ ಬರೆದಿಟ್ಟು ರೆಡಿ. ಬ್ಯಾಗ್ ಕೂಡ ಕ್ಲಾಸಿಂದ ತರಿಸಿಟ್ಟಿದ್ದರು. ಇದೇ ಹೆಂಗಸಾ ಆ ಹೆಂಗಸು ಅಂತ ಆಶ್ಚರ್ಯವಾಯಿತು. ಅದು ಯಾಕೆ ಹಾಗೆ ಅಂತ ಅರ್ಥವಾಗಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ಆ್ಯಪ್ ಮತ್ತು ಮೇಲ್

"ಆ್ಯಪಲ್ಲಿ ರೈಸ್ ಮಾಡಿ ಮೇಡಂ" ಅನ್ನುವುದು ಆ ಕೌಂಟರಿನ ಮಂತ್ರ. ಸರಿ, ಮಾಡಿದೆ. ಅಪಾರ್ ಹೆಸರಿನ ವಿಷಯ ಬರೆದು, ಆಧಾರ್ ಫೋಟೊ ಹಾಕಿ, ಟಿಕೆಟ್ ತೆರೆದೆ, ಅಂದರೆ ದೂರು ದಾಖಲಿಸಿದೆ. ಎರಡು ಗಂಟೆಯೊಳಗೆ ಹಸಿರು ಬಣ್ಣದಲ್ಲಿ 'ಪರಿಹರಿಸಲಾಗಿದೆ' ಅಂತ ಬಂತು. ಆಹಾ, ಕಾಲ ಎಷ್ಟು ಮುಂದುವರಿದಿದೆ ಅಂದುಕೊಂಡು ತೆರೆದು ನೋಡಿದರೆ ಒಳಗೆ ಒಂದೇ ಸಾಲು: ದಯವಿಟ್ಟು ಫ್ರಂಟ್ ಆಫೀಸ್ ಸಂಪರ್ಕಿಸಿ.

ಅಂದರೆ ಫ್ರಂಟ್ ಆಫೀಸು ಆ್ಯಪಿಗೆ ಕಳಿಸುತ್ತದೆ, ಆ್ಯಪು ಫ್ರಂಟ್ ಆಫೀಸಿಗೆ ಕಳಿಸುತ್ತದೆ. ಮಧ್ಯೆ ನಾವು ಶಟಲ್ ಕಾಕ್.

ಆ್ಯಪಿನ ಒಳ್ಳೆಯ ಗುಣ ಎರಡು. ಫೀಸ್ ಕಟ್ಟಲು ಕ್ಯೂ ಇಲ್ಲ. ಬಸ್ ಎಲ್ಲಿದೆ ಅಂತ ಕಾಣುತ್ತದೆ, ಆದರೂ ಕೆಲವೊಮ್ಮೆ ಬಸ್ ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತಿದ್ದರೂ ಆ್ಯಪಿನಲ್ಲಿ ಅದು ಇನ್ನೂ ರಿಂಗ್ ರೋಡಿನಲ್ಲೇ ನಿಂತಿರುತ್ತದೆ. ಬಸ್ ಸ್ಟಾಪ್ ಬದಲಿಸುವ ಟಿಕೆಟ್ ಮೂರು ವಾರ 'ಪರಿಶೀಲನೆಯಲ್ಲಿದೆ' ಅಂತಲೇ ಇತ್ತು. ಕೊನೆಗೆ ಗೇಟಿನ ಸೆಕ್ಯುರಿಟಿ ಅಣ್ಣನಿಗೆ ಹೇಳಿದೆ. ಅವರು ಡ್ರೈವರ್‌ಗೆ ಹೇಳಿದರು. ಮಾರನೇ ದಿನದಿಂದ ಬಸ್ ಹೊಸ ಸ್ಟಾಪಿನಲ್ಲಿ ನಿಂತಿತು. ಆ ಟಿಕೆಟ್ ಇವತ್ತಿಗೂ ಪರಿಶೀಲನೆಯಲ್ಲೇ ಇರಬಹುದು.

ಮೇಲ್ ಬಗ್ಗೆ ಹೇಳುವುದು ಏನೂ ಇಲ್ಲ. 'ನಿಮ್ಮ ಸಂದೇಶ ತಲುಪಿದೆ' ಅಂತ ಯಂತ್ರ ಉತ್ತರ ಕೊಡುತ್ತದೆ, ಮನುಷ್ಯರು ಕೊಡುವುದಿಲ್ಲ.

ಪೋಷಕರ ಗ್ರೂಪ್

ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು.

ನಮ್ಮ ಕ್ಲಾಸಿನ ಗ್ರೂಪಿನಲ್ಲಿ ಅರವತ್ತು ಚಿಲ್ಲರೆ ಜನ. ನಾಳೆ ಕಲರ್ ಡ್ರೆಸ್ಸಾ, ಯಾವ ಪಾಠದವರೆಗೆ ಪರೀಕ್ಷೆ, ಪ್ರಾಜೆಕ್ಟಿಗೆ ಥರ್ಮಾಕೋಲ್ ಎಲ್ಲಿ ಸಿಗುತ್ತೆ, ಇಂಥದ್ದಕ್ಕೆ ಗ್ರೂಪನ್ನು ಮೀರಿಸುವುದು ಯಾವುದೂ ಇಲ್ಲ. ಎರಡು ನಿಮಿಷದಲ್ಲಿ ಉತ್ತರ. ಆದರೆ ಅಪಾರ್ ಬಗ್ಗೆ ಕೇಳಿದರೆ ಐದು ಜನ ಐದು ಥರ ಹೇಳಿದರು. ಒಬ್ಬರು ಆಧಾರನ್ನೇ ತಿದ್ದಿಸಿ ಅಂದರು, ಇನ್ನೊಬ್ಬರು ಅದೆಲ್ಲ ಬೇಡವೇ ಬೇಡ ಅಂದರು. ಉಳಿದವರು ಕೈ ಮುಗಿಯುವ ಚಿತ್ರ ಹಾಕಿದರು.

ಜನವರಿಯಲ್ಲಿ ಫೀಸ್ ರಸೀದಿಗೆ ಓಡಾಡುತ್ತಿದ್ದೆ. ನಮ್ಮ ಬ್ಯಾಂಕಿನಲ್ಲಿ ತೆರಿಗೆ ದಾಖಲೆ ಕೊಡಲು ಕೊನೇ ವಾರ. ಮೂರು ಸಲ ಫೋನ್ ಮಾಡಿ ಮೂರು ಸಲವೂ "ಅಕೌಂಟ್ಸ್ ಸರ್ ಇಲ್ಲ ಮೇಡಂ" ಕೇಳಿ ಸಿಟ್ಟು ನೆತ್ತಿಗೇರಿತ್ತು. ಗ್ರೂಪಿನಲ್ಲಿ ಬರೆದೆ: ರಿಸೆಪ್ಷನ್‌ನಲ್ಲಿ ಕೂತಿರೋರಿಗೆ ಮನುಷ್ಯರ ಹತ್ರ ಮಾತಾಡೋಕೇ ಬರಲ್ಲ. ಹದಿನೆಂಟು ಜನ ಹೆಬ್ಬೆರಳು ಎತ್ತಿದರು. ಹಿತವಾಯಿತು ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಮಾರನೇ ದಿನ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಆ ಮೇಡಂ ತಲೆ ಎತ್ತಿ ನೋಡಿದರು. "ಹೇಳಿ ಮೇಡಂ. ಮಾತಾಡೋಕೆ ಟ್ರೈ ಮಾಡ್ತೀನಿ."

ಸ್ಕ್ರೀನ್‌ಶಾಟ್ ಹೋಗಿತ್ತು. ಯಾರು ಕಳಿಸಿದರೋ. ನನ್ನ ಕೈಲಿದ್ದ ಫೈಲ್ ಬೀಳುವುದೊಂದು ಬಾಕಿ. ಗ್ರೂಪಿನಲ್ಲಿ ಬರೆದದ್ದು ಗ್ರೂಪಿನಲ್ಲಿ ಉಳಿಯುವುದಿಲ್ಲ, ಇದು ಗೊತ್ತಿದ್ದೂ ಬರೆದಿದ್ದೆ.

ಖುದ್ದು ಭೇಟಿ

ಆ ದಿನ "ಸಾರಿ" ಅಂದೆ. ಅವರು ಏನೂ ಹೇಳಲಿಲ್ಲ. ಟ್ರೋಫಿ ಇಟ್ಟ ಬೀರು ಪಕ್ಕದ ಕುರ್ಚಿ ತೋರಿಸಿದರು. ಮುಕ್ಕಾಲು ಗಂಟೆ ಅಲ್ಲಿ ಕೂತೆ. ಶಿಕ್ಷೆ ಅಂತಲೇ ಕೂರಿಸಿರಬೇಕು. ಆದರೆ ಆ ಮುಕ್ಕಾಲು ಗಂಟೆ ನನಗೆ ಬಹಳ ಉಪಯೋಗಕ್ಕೆ ಬಂತು.

ಆ ಹೊತ್ತಿನಲ್ಲಿ ಅವರು ಕೊರಿಯರ್‌ಗೆ ಸಹಿ ಹಾಕಿದರು. ಮೊಣಕಾಲು ಕೆತ್ತಿಕೊಂಡು ಬಂದ ಹುಡುಗನಿಗೆ ಪಟ್ಟಿ ಹಾಕಿದರು. ಮನೆಯಿಂದ ಬಂದ ಊಟದ ಡಬ್ಬಿಗಳಿಗೆ ಹೆಸರು ಬರೆದರು. ಅಡ್ಮಿಷನ್ ಕೇಳಿ ಬಂದ ದಂಪತಿಗೆ ಕಾಫಿ ತರಿಸಿದರು. ಒಳಗಿಂದ ಬೆಲ್ ಆದಾಗಲೆಲ್ಲ ಎದ್ದು ಓಡಿದರು. ಮಧ್ಯೆ ಮೂವರು ಪೋಷಕರು ಬಂದು ಕೂಗಾಡಿ ಹೋದರು. ಮೂವರೂ ಕೇಳಿದ್ದು ಅವರ ಕೈಯಲ್ಲಿ ಇಲ್ಲದ್ದನ್ನು: ಫೀಸ್ ಕಮ್ಮಿ ಮಾಡಿ, ಸೆಕ್ಷನ್ ಬದಲಿಸಿ, ಪ್ರಿನ್ಸಿಪಾಲ್ ಹತ್ತಿರ ಈಗಲೇ ಬಿಡಿ. ಮೂವರಿಗೂ "ಮೀಟಿಂಗಲ್ಲಿದ್ದಾರೆ" ಉತ್ತರ. ಪ್ರಿನ್ಸಿಪಾಲ್ ಮೀಟಿಂಗಿನಲ್ಲಿ ಇರಲಿಲ್ಲ. ಗಾಜಿನ ಬಾಗಿಲಲ್ಲಿ ನನಗೇ ಕಾಣುತ್ತಿದ್ದರು, ಸೌತೆಕಾಯಿ ತಿನ್ನುತ್ತಿದ್ದರು. ಹಾಗೆ ಹೇಳಿ ಅಂತ ಆ ಮೇಡಂಗೆ ಹೇಳಿಕೊಟ್ಟಿದ್ದಾರೆ, ಅವರು ಹೇಳುತ್ತಾರೆ. ನಮ್ಮಲ್ಲಿ 'ಸರ್ವರ್ ಇಲ್ಲ' ಅಂದ ಹಾಗೆ. ಎಲ್ಲ ಸಲವೂ ಸರ್ವರ್ ಹೋಗಿರುವುದಿಲ್ಲ, ಬಿಡಿ.

ಆಗ ಆಗಸ್ಟ್ ತಿಂಗಳ ವಾಂತಿ ದಿನ ನೆನಪಾಯಿತು. ತಮ್ಮ ಕೈಯಿಂದಲೇ ಆಗುವ ಕೆಲಸವಾದರೆ ಈ ಮೇಡಂ ಚಕಚಕ ಮಾಡುತ್ತಾರೆ. ಇನ್ನೊಬ್ಬರು ತೀರ್ಮಾನ ಮಾಡಬೇಕಾದ ಕೆಲಸವಾದರೆ ತಳ್ಳುತ್ತಾರೆ, ತಳ್ಳುವುದಕ್ಕೇ ಅವರನ್ನು ಅಲ್ಲಿ ಕೂರಿಸಿರುವುದು. ಆಮೇಲಿಂದ ನಾನು ಕೇಳುವ ರೀತಿ ಬದಲಿಸಿದೆ. "ರಸೀದಿ ಯಾವಾಗ ಕೊಡ್ತೀರಾ" ಅಂತ ಕೇಳಲಿಲ್ಲ. "ಅಕೌಂಟ್ಸ್ ಸರ್ ಎಷ್ಟು ಗಂಟೆಗೆ ಸೀಟಲ್ಲಿ ಇರ್ತಾರೆ" ಅಂತ ಕೇಳಿದೆ. "ಹನ್ನೊಂದೂಕಾಲಿಗೆ ಟೀ ಕುಡಿದು ಬರ್ತಾರೆ, ಆಗ ಹಿಡ್ಕೊಳಿ" ಅಂದರು. ಹನ್ನೊಂದೂವರೆಗೆ ಬೋಧನಾ ಶುಲ್ಕ ಬೇರೆ, ಉಳಿದದ್ದು ಬೇರೆ ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಹೊರಬಂದೆ. ಅಪಾರ್ ಹೆಸರೂ ಅದೇ ದಿನ ಮುಂದೆ ಹೋಯಿತು. ಕಂಪ್ಯೂಟರ್ ಆಪರೇಟರ್ ಕೂರುವುದು ರಿಸೆಪ್ಷನ್ ಹಿಂದಿನ ಕೋಣೆಯಲ್ಲೇ. ಆಧಾರ್ ಜೆರಾಕ್ಸ್ ಅವರ ಕೈಗೇ ಕೊಟ್ಟೆ. ವಾರದೊಳಗೆ ಸರಿಹೋಯಿತು. ಆ್ಯಪಿನಲ್ಲಿ ಮೂರು ತಿಂಗಳು ಕೊಳೆತ ಕೆಲಸ ಅದು.

ಖುದ್ದು ಭೇಟಿಯಲ್ಲೂ ಎರಡು ಒಳಭೇದ ಕಂಡೆ. ಒಂದು, ಹೆಂಡತಿ ಹೋಗುವುದಕ್ಕೂ ಗಂಡ ಹೋಗುವುದಕ್ಕೂ ವ್ಯತ್ಯಾಸ ಇದೆ. ಒಮ್ಮೆ ನಾನು ಹೋಗಿ ವಾಪಸ್ ಬಂದ ಪ್ರಶ್ನೆಯನ್ನೇ ಕೇಳಲು ಅದೇ ಮಧ್ಯಾಹ್ನ ಯಜಮಾನರು ಹೋದರು. "ಸರ್ ಕೂತ್ಕೊಳಿ" ಅಂದರಂತೆ. ಹತ್ತು ನಿಮಿಷದಲ್ಲಿ ಪ್ರಿನ್ಸಿಪಾಲ್ ಸಿಕ್ಕರಂತೆ. ಮನೆಗೆ ಬಂದು "ನೀನು ಕೇಳೋ ರೀತೀಲಿ ಕೇಳ್ಬೇಕು" ಅಂತ ನನಗೇ ಪಾಠ. ಆ ರಾತ್ರಿ ಅನ್ನಕ್ಕೆ ಬರೀ ಮಜ್ಜಿಗೆ ಹಾಕಿದೆ.

ಇನ್ನೊಂದು, ಭಾಷೆ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಕುರ್ಚಿ ಸಿಗುತ್ತದೆ. ಕನ್ನಡದಲ್ಲಿ ಮಾತಾಡಿದರೆ ಕೆಲಸ ಸಿಗುತ್ತದೆ. ಅಲ್ಲಿ ಮೇಲಿನವರಿಗೆ ಕೇಳುವ ಹಾಗಿದ್ದಾಗ ಆ ಮೇಡಂ ಇಂಗ್ಲಿಷಿನಲ್ಲೇ ಉತ್ತರ ಕೊಡಬೇಕಂತೆ. ಯಾರೂ ಇಲ್ಲದಾಗ ನಾನು "ಊರು ಯಾವುದು ಮೇಡಂ" ಅಂದೆ. ಚನ್ನರಾಯಪಟ್ಟಣದ ಹತ್ತಿರ ಅಂದರು. ಆಮೇಲೆ ಅಕೌಂಟ್ಸ್ ಸರ್ ಟೀ ಸಮಯ, ಆಪರೇಟರ್ ರಜೆಯ ದಿನ, ಎಲ್ಲ ತಾವಾಗೇ ಹೇಳಿದರು.

ಭೇಟಿಯ ದೊಡ್ಡ ದೋಷ ಒಂದೇ: ರಜೆ. ಹೋದ ಪ್ರತಿ ಸಲ ಅರ್ಧ ದಿನ ಖರ್ಚು.

ನಡುವೆ ಅಕ್ಕನ ಮಾತು

ತಿಪಟೂರಿನ ಹತ್ತಿರ ನಮ್ಮಕ್ಕನ ಮಗ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಾನೆ. ನನ್ನ ಗೋಳು ಕೇಳಿ ಅವಳು ನಕ್ಕಳು. ಅಲ್ಲಿ ರಿಸೆಪ್ಷನ್ ಇಲ್ಲ, ಗುಮಾಸ್ತರೂ ಇಲ್ಲ. ಏನಿದ್ದರೂ ನೇರ ಹೆಡ್ ಮೇಡಂ ಮೊಬೈಲಿಗೆ. ಅವರು ಬಿಸಿಯೂಟದ ಮೊಟ್ಟೆ ಎಣಿಸುತ್ತಲೇ "ಹೇಳವ್ವ" ಅನ್ನುತ್ತಾರಂತೆ. ಕಷ್ಟ ಬೇರೆ ರೀತಿಯದು. ಪಾಠ ಮಾಡುವವರೂ ಅವರೇ, ಸ್ಯಾಟ್ಸ್ ಅನ್ನುವ ಸರ್ಕಾರದ ವಿದ್ಯಾರ್ಥಿ ದಾಖಲೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ವಿವರ ತುಂಬುವವರೂ ಅವರೇ, ಮೀಟಿಂಗ್ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಓಡುವವರೂ ಅವರೇ. ಅವರು ಹೋದ ದಿನ ವ್ಯಾಸಂಗ ಪ್ರಮಾಣ ಪತ್ರಕ್ಕೆ ಸಹಿ ಹಾಕುವವರಿಲ್ಲ. ಆದರೆ ಇದ್ದಾರಾ ಇಲ್ಲವಾ ಅನ್ನುವುದಾದರೂ ಗೊತ್ತಾಗುತ್ತದಲ್ಲ, ಅದೇ ದೊಡ್ಡದು ಅನ್ನಿಸಿತು ನನಗೆ.

ಬರೆದ ಅರ್ಜಿ

ಮೇ ತಿಂಗಳು. ವರ್ಗಾವಣೆ ಆದೇಶ ಕೈಗೆ ಬಂತು. ಮೈಸೂರಿನಲ್ಲಿ ಒಂದು ಅನುದಾನಿತ ಶಾಲೆಯಲ್ಲಿ ಮಗಳಿಗೆ ಏಳನೇ ಕ್ಲಾಸಿಗೆ ಸೀಟು ಸಿಕ್ಕಿತು. ಇಲ್ಲಿ ಟಿಸಿ ಕೇಳಿದೆ. "ಮಾರ್ಚ್‌ನಲ್ಲೇ ಹೇಳ್ಬೇಕಿತ್ತು ಮೇಡಂ. ಈಗ ಮುಂದಿನ ವರ್ಷದ ಮೊದಲ ಕಂತು ಕಟ್ಟಿದ್ರೆ ಮಾತ್ರ ಟಿಸಿ ಅಂತ ಹೇಳೋಕೆ ಹೇಳಿದಾರೆ." ಓದದ ವರ್ಷಕ್ಕೆ ಫೀಸ್! ಟೀ ಸಮಯದ ಗುಟ್ಟು, ಚನ್ನರಾಯಪಟ್ಟಣದ ಸ್ನೇಹ ಯಾವುದೂ ಇಲ್ಲಿ ನಡೆಯಲಿಲ್ಲ. ಇದು ಆ ಮೇಡಂ ಕೈಯಲ್ಲಿದ್ದ ಕೆಲಸ ಅಲ್ಲ.

ಆಗ ನನ್ನ ಸ್ವಂತ ಕೌಂಟರ್ ನೆನಪಾಯಿತು. ನಮ್ಮಲ್ಲಿ ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಯಾರಾದರೂ ಎರಡು ಕಾಪಿ ಬರೆದು ತಂದು "ಒಂದಕ್ಕೆ ಸೀಲ್ ಹಾಕಿ ಕೊಡಿ" ಅಂದರೆ ಮ್ಯಾನೇಜರ್ ತನಕ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಇದನ್ನು ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ನನಗೇ ನಾಚಿಕೆಯಾಯಿತು.

ಒಂದು ಪುಟದ ಅರ್ಜಿ ಬರೆದೆ. ಮಗಳ ಹೆಸರು, ತರಗತಿ, ಸ್ಯಾಟ್ಸ್ ನಂಬರ್, ಈ ವರ್ಷದ ಫೀಸ್ ಪೂರ್ತಿ ಕಟ್ಟಿದ ರಸೀದಿ ಸಂಖ್ಯೆ, ವರ್ಗಾವಣೆ ಆದೇಶದ ಜೆರಾಕ್ಸ್. ಆಮೇಲೆ ಎರಡು ಸಾಲು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಮುಖ್ಯ ಶಿಕ್ಷಕರು ಟಿಸಿಯನ್ನು ತಕ್ಷಣ ಕೊಡಬೇಕು. ತಡ ಮಾಡಿದರೆ ಅವರ ಮೇಲೆ ಶಿಸ್ತು ಕ್ರಮಕ್ಕೆ ಅವಕಾಶ ಇದೆ. ಟಿಸಿ ತಡವಾಯಿತು ಅಂತ ಹೊಸ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಎಂಟನೇ ತರಗತಿವರೆಗಿನ ಮಕ್ಕಳಿಗೆ ಈ ಕಾಯ್ದೆ. ಕೊನೆಗೆ ಒಂದು ಸಾಲು: ಮುಂದಿನ ವರ್ಷದ ಕಂತು ಕಟ್ಟಬೇಕಿದ್ದರೆ ಅದನ್ನು ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ.

ಕೌಂಟರಿನಲ್ಲಿ ಕೊಟ್ಟೆ. "ಸೀಲ್ ಹಾಕೋ ಹಾಗಿಲ್ಲ ಮೇಡಂ" ಅಂದರು. "ಪರವಾಗಿಲ್ಲ, ಕೇಳಿಕೊಂಡು ಬನ್ನಿ, ಕಾಯ್ತೀನಿ. ಇಲ್ಲಾಂದ್ರೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸ್ತೀನಿ, ಒಂದು ಕಾಪಿ ಬಿಇಒ ಆಫೀಸಿಗೂ ಹಾಕ್ತೀನಿ" ಅಂದೆ. ದನಿ ಏರಿಸಲಿಲ್ಲ. ಅವರು ಒಳಗೆ ಹೋದರು. ಬರುವಾಗ ಕೈಯಲ್ಲಿ ಸೀಲ್ ಇತ್ತು. ಸೀಲ್ ಹೊಡೆದು, ತಾರೀಖು ಹಾಕಿ, ಸಹಿ ಮಾಡಿ ನನ್ನ ಕಾಪಿ ನನಗೆ ಕೊಟ್ಟರು. ಕೊಡುವಾಗ ಸಣ್ಣಗೆ ನಕ್ಕ ಹಾಗಿತ್ತು.

ಕಂತಿನ ವಿಷಯ ಬರವಣಿಗೆಯಲ್ಲಿ ಯಾರೂ ತಿಳಿಸಲಿಲ್ಲ. ಬಾಯಲ್ಲೂ ಮತ್ತೆ ಎತ್ತಲಿಲ್ಲ. ನೋ ಡ್ಯೂಸ್ ಫಾರ್ಮ್‌ಗೆ ಲೈಬ್ರರಿ, ಬಸ್ಸು, ಅಕೌಂಟ್ಸ್ ಸಹಿ ಆಗಿ ನಾಲ್ಕನೇ ದಿನ ಟಿಸಿ ಕೈಗೆ ಬಂತು. ಲೈಬ್ರರಿಗೆ ಒಂದು ಪುಸ್ತಕ ಬಾಕಿ ಇತ್ತು, ಅದು ನಮ್ಮದೇ ತಪ್ಪು.

ಹಾಗಾದರೆ ಎಲ್ಲದಕ್ಕೂ ಅರ್ಜಿಯೇ ಬರೆಯಿರಿ ಅಂತ ನಾನು ಹೇಳುವುದಿಲ್ಲ. ಬಸ್ ಸ್ಟಾಪಿಗೆಲ್ಲ ಸೆಕ್ಷನ್ ಬರೆದರೆ ಮಗುವಿಗೆ ಅಲ್ಲಿ ಇನ್ನೂ ವರ್ಷಗಟ್ಟಲೆ ಓದಬೇಕಿರುತ್ತದೆ, ನೆನಪಿರಲಿ. ನಾನು ಅಷ್ಟು ಧೈರ್ಯ ಮಾಡಿದ್ದು ಊರು ಬಿಡುತ್ತಿದ್ದೆ ಅಂತಲೂ ಇರಬಹುದು. ದುಡ್ಡು, ದಾಖಲೆ, ಗಡುವು ಇರುವ ಕೆಲಸಕ್ಕೆ ಅರ್ಜಿ. ಮಗುವಿನ ಮೈಕೈಗೆ ಸಂಬಂಧಿಸಿದ್ದಕ್ಕೆ ಫೋನ್. ಬಸ್ಸಿಗೆ ಸೆಕ್ಯುರಿಟಿ ಅಣ್ಣ. ಫೀಸ್ ಕಟ್ಟಲು ಮಾತ್ರ ಆ್ಯಪ್. ಉಳಿದದ್ದಕ್ಕೆ ಹನ್ನೊಂದು ಗಂಟೆಗೆ ಹೋಗಿ ಕೂರುವುದು.

ಟಿಸಿ ಬಂದ ಮೇಲೂ ಒಂದು ಬಾಲ ಉಳಿದಿತ್ತು. ಮೈಸೂರಿನ ಶಾಲೆಯವರು ಮಗಳನ್ನು ಸೇರಿಸಿಕೊಂಡರು, ಪಾಠವೂ ಶುರುವಾಯಿತು. ಆದರೆ ಅಲ್ಲಿನ ಗುಮಾಸ್ತರು "ಸ್ಯಾಟ್ಸ್‌ನಲ್ಲಿ ಇನ್ನೂ ಹಳೇ ಶಾಲೆಯಲ್ಲೇ ತೋರಿಸ್ತಿದೆ. ಅವರು ಬಿಡಲಿ, ನಾವು ತಗೋತೀವಿ" ಅಂದರು. ಕಾಗದದ ಟಿಸಿ ಕೊಟ್ಟವರು ಕಂಪ್ಯೂಟರಿನಲ್ಲಿ ಮಗುವನ್ನು ಬಿಟ್ಟುಕೊಟ್ಟಿರಲಿಲ್ಲ. ಜೂನ್ ಎರಡನೇ ವಾರ ಮೈಸೂರಿನಿಂದ ಬೆಳಿಗ್ಗೆ 11.20ಕ್ಕೆ ಫೋನ್ ಹಚ್ಚಿದೆ. ಎತ್ತಿದರು. "ಆಪರೇಟರ್ ಪಕ್ಕದಲ್ಲೇ ಇದಾರೆ ಮೇಡಂ, ಸ್ಯಾಟ್ಸ್ ನಂಬರ್ ಹೇಳಿ." ಸಂಜೆಯೊಳಗೆ ಆಗಿತ್ತು.

ಥ್ಯಾಂಕ್ಸ್ ಹೇಳಿ ಇಡುವಷ್ಟರಲ್ಲಿ "ಮೇಡಂ, ಒಂದ್ನಿಮಿಷ" ಅಂದರು. "ನೀವು ಬ್ಯಾಂಕಲ್ಲಿ ಇರೋದಲ್ವಾ? ನಮ್ಮಮ್ಮಂದು ವಿಧವಾ ವೇತನ ಮೂರು ತಿಂಗಳಿಂದ ಬಂದಿಲ್ಲ. ಆಧಾರ್ ಲಿಂಕ್ ಆಗಿಲ್ಲ ಅಂತಾರೆ. ಊರಲ್ಲಿ ಬ್ಯಾಂಕಿಗೆ ಹೋದ್ರೆ ದಿನಾ ಸರ್ವರ್ ಇಲ್ಲ, ನಾಳೆ ಬನ್ನಿ ಅಂತಾರೆ. ಏನ್ ಮಾಡೋದು?"

ಎರಡು ಕಾಪಿ ಬರೆಸಿಕೊಂಡು ಹೋಗೋಕೆ ಹೇಳಿ ಅಂದೆ.